ಬೆಂಗಳೂರು ಎಫ್‌ಸಿ: 2020-21ರ ಋತು

ಬೆಂಗಳೂರು ಫುಟ್‌ಬಾಲ್ ಕ್ಲಬ್ (ಬಿಎಫ್‌ಸಿ) ತನ್ನ ಎಂಟನೆಯ ಋತುವಾದ 2020-21ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) 11 ತಂಡಗಳ ಪೈಕಿ ಏಳನೆಯ ಸ್ಥಾನ ಪಡೆಯಿತು. 20 ಪಂದ್ಯಗಳಲ್ಲಿ ಐದನ್ನು ಗೆದ್ದು, ಏಳನ್ನು ಡ್ರಾ ಮಾಡಿಕೊಂಡು, ಎಂಟರಲ್ಲಿ ಸೋತು 22 ಪಾಯಿಂಟ್ಸ್ ಗಳಿಸಿತು. ಐಎಸ್‌ಎಲ್ ಸೇರಿದ ಮೇಲೆ ತಂಡಕ್ಕೆ ಪ್ಲೇಆಫ್ ತಪ್ಪಿದ್ದು ಇದೇ ಮೊದಲು. ಋತುವಿನ ನಡುವೆಯೇ ಮುಖ್ಯ ಕೋಚ್ ಕಾರ್ಲ್ಸ್ ಕ್ವಾದ್ರತ್ ಕ್ಲಬ್ ತೊರೆದರು. ಸತತ ನಾಲ್ಕು ಸೋಲು, ಎಂಟು ಪಂದ್ಯಗಳ ಗೆಲುವಿನ ಬರ ಮತ್ತು ಮಾಲ್ಡೀವ್ಸ್‌ನಲ್ಲಿ ನಡೆದ ಕೋವಿಡ್ ನಿಯಮ ಉಲ್ಲಂಘನೆ ಈ ಋತುವಿನ ಮುಖ್ಯ ಘಟನೆಗಳು.

ಹಿನ್ನೆಲೆ

ಕರ್ನಾಟಕದ ಫುಟ್‌ಬಾಲ್ ದಶಕಗಳ ಕಾಲ ಬೆಂಗಳೂರಿನ ದಂಡು ಪ್ರದೇಶದ ಕ್ಲಬ್‌ಗಳು ಮತ್ತು ಸಾರ್ವಜನಿಕ ಉದ್ದಿಮೆಗಳ ತಂಡಗಳನ್ನು ನೆಚ್ಚಿಕೊಂಡಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತು. ಮೈಸೂರು ರಾಜ್ಯ ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ಮುಂತಾದ ಸಂಸ್ಥೆಗಳ ತಂಡಗಳಲ್ಲಿ ಆಡುವವರಿಗೆ ಚೆಂಡಿನ ಜೊತೆಗೆ ಕಾಯಂ ನೌಕರಿಯ ಭದ್ರತೆಯೂ ಇತ್ತು.

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್, 2007ರಲ್ಲಿ ಐ-ಲೀಗ್ ಆರಂಭವಾದ ಮೇಲೆ ಈ ಏರ್ಪಾಡಿನ ಮಿತಿಗಳು ಎದ್ದು ಕಂಡವು. ಒಪ್ಪಂದದ ಮೇಲೆ ವಿದೇಶಿ ಆಟಗಾರರನ್ನು ತರುತ್ತಿದ್ದ ಗೋವಾ ಮತ್ತು ಕೋಲ್ಕತ್ತದ ಕ್ಲಬ್‌ಗಳಿಗೆ ಉದ್ಯೋಗಿಗಳ ತಂಡ ಸಾಟಿಯಾಗುವುದು ಕಷ್ಟವಾಯಿತು. 2011-12ರ ಐ-ಲೀಗ್‌ನಿಂದ ಎಚ್‌ಎಎಲ್ ಕೆಳಗಿನ ದರ್ಜೆಗೆ ಇಳಿಯಿತು.

ಆ ತೆರವನ್ನು ತುಂಬಿದ್ದು ಜೆಎಸ್‌ಡಬ್ಲ್ಯು ಸಮೂಹ 2013ರ ಜುಲೈನಲ್ಲಿ ಸ್ಥಾಪಿಸಿದ ಬೆಂಗಳೂರು ಎಫ್‌ಸಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ವರ್ಷ ಆಡಿ, ಮರುವರ್ಷ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದ ತಂಡ ಗೆಲುವಿನ ಸರಣಿಯನ್ನೇ ಹೂಡಿತು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಕೋಚ್ ಆಗಿದ್ದಾಗ 2013-14 ಮತ್ತು 2015-16ರ ಐ-ಲೀಗ್ ಹಾಗೂ 2014-15ರ ಫೆಡರೇಷನ್ ಕಪ್ ಬಂದವು. ಸ್ಪೇನಿನ ಆಲ್ಬರ್ಟ್ ರೋಕಾ ಅವರ ಅವಧಿಯಲ್ಲಿ ತಂಡ 2016ರ ಎಎಫ್‌ಸಿ ಕಪ್ ಫೈನಲ್ ತಲುಪಿತು. 2017ರ ಫೆಡರೇಷನ್ ಕಪ್ ಮತ್ತು 2018ರ ಸೂಪರ್ ಕಪ್ ಗೆದ್ದಿತು. 2017ರಲ್ಲಿ ಐಎಸ್‌ಎಲ್‌ಗೆ ಬಂದು ಮೊದಲ ಯತ್ನದಲ್ಲೇ ಫೈನಲ್ ಆಡಿತು. ರೋಕಾ ಅವರ ಸಹಾಯಕರಾಗಿದ್ದ ಕ್ವಾದ್ರತ್ ಮುಖ್ಯ ಕೋಚ್ ಆದ ಮೊದಲ ವರ್ಷವೇ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಎಫ್‌ಸಿ ಗೋವಾವನ್ನು 1-0ರಿಂದ ಸೋಲಿಸಿ ಐಎಸ್‌ಎಲ್ ಕಿರೀಟ ಧರಿಸಿತು. ಹೀಗೆ ಮೊದಲ ಆರು ಋತುಗಳಲ್ಲಿ ಒಂದೂ ಪ್ರಶಸ್ತಿಯಿಲ್ಲದೆ ಕಳೆದಿರಲಿಲ್ಲ. ಚಿಕ್ಕಮಗಳೂರಿನಿಂದ ಬೀದರ್‌ವರೆಗೆ ರಾಜ್ಯಕ್ಕೆಲ್ಲ ಇದ್ದ ಒಂದೇ ಅಗ್ರ ದರ್ಜೆಯ ಕ್ಲಬ್‌ನಿಂದ ಪ್ರತಿ ವರ್ಷ ಕಪ್ ನಿರೀಕ್ಷಿಸುವುದು ಅಭಿಮಾನಿಗಳಿಗೆ ರೂಢಿಯಾಗಿತ್ತು.

ಇಳಿಕೆಯ ಸೂಚನೆಗಳು

2019-20ರಲ್ಲಿ ಕ್ಲಬ್ ಮೊದಲ ಬಾರಿಗೆ ಬರಿಗೈಯಲ್ಲಿ ಉಳಿಯಿತು. ಎಎಫ್‌ಸಿ ಕಪ್ ಪ್ರಾಥಮಿಕ ಹಂತದಲ್ಲಿ ಮಾಲ್ಡೀವ್ಸ್‌ನ ಮಜಿಯಾ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಎಟಿಕೆ ವಿರುದ್ಧ ಮೊದಲ ಲೆಗ್ ಅನ್ನು 1-0ರಿಂದ ಗೆದ್ದರೂ, ಕೋಲ್ಕತ್ತದಲ್ಲಿ 3-1ರಿಂದ ಸೋತು ಹೊರಬಿತ್ತು. ಲೀಗ್ ಹಂತದ 18 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟದ್ದು 13 ಗೋಲು ಮಾತ್ರ. ಆದರೆ ಹೊಡೆದದ್ದೂ 22ನ್ನು ದಾಟಲಿಲ್ಲ. ರಕ್ಷಣೆ ಗಟ್ಟಿಯಿದ್ದುದರಿಂದ ಮುಂಚೂಣಿಯ ದೌರ್ಬಲ್ಯ ಮರೆಯಾಗಿತ್ತು. 2017-18ರಲ್ಲಿ ಸುನಿಲ್ ಚೆಟ್ರಿ 14, ವೆನೆಜುವೆಲಾದ ಮಿಕು 15 ಐಎಸ್‌ಎಲ್ ಗೋಲು ಹೊಡೆದಿದ್ದರು. ಮಿಕು 2019ರಲ್ಲಿ ಹೋದ ಮೇಲೆ ಆ ಜಾಗಕ್ಕೆ ಅಂಥ ಇನ್ನೊಬ್ಬರು ಸಿಗಲಿಲ್ಲ.

2020-21ಕ್ಕೆ ಬ್ರೆಜಿಲ್‌ನ ಕ್ಲೈಟನ್ ಸಿಲ್ವಾ, ನಾರ್ವೆಯ ಕ್ರಿಸ್ಟಿಯನ್ ಒಪ್ಸೆತ್ ಮತ್ತು ಸ್ಪೇನಿನ ಫ್ರಾನ್ ಗೊನ್ಸಾಲೆಸ್ ಬಂದರು. ಯುವ ಡಿಫೆಂಡರ್ ನಿಶು ಕುಮಾರ್ ಕೇರಳ ಬ್ಲಾಸ್ಟರ್ಸ್ ಸೇರಿದರು. ತಂಡದ ಬೆನ್ನೆಲುಬು ಹಳಬರದೇ ಆಗಿತ್ತು: ಚೆಟ್ರಿಗೆ 36, ಡಿಫೆಂಡರ್ ಹುವಾನನ್‌ಗೆ 33, ಮಿಡ್‌ಫೀಲ್ಡರ್ ಎರಿಕ್ ಪಾರ್ಟಾಲುಗೆ 34 ವರ್ಷ, ದಿಮಾಸ್ ದೆಲ್ಗಾದೊ ಋತುವಿನ ನಡುವೆ 38ಕ್ಕೆ ಕಾಲಿಟ್ಟರು.

ಬಯೊಬಬಲ್‌ನ ಲೀಗ್

ಕೋವಿಡ್ ಕಾರಣ ಆ ವರ್ಷದ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು. ಮಡಗಾಂವ್‌ನ ಫತೋರ್ಡಾ, ಬಾಂಬೋಳಿಯ ಜಿಎಂಸಿ ಮೈದಾನ ಮತ್ತು ವಾಸ್ಕೊದ ತಿಲಕ್ ಮೈದಾನ ಎಂಬ ಮೂರು ಅಂಗಳಗಳಲ್ಲಿ, ಪ್ರೇಕ್ಷಕರಿಲ್ಲದೆ, 2020ರ ನವೆಂಬರ್ 20ರಿಂದ 2021ರ ಮಾರ್ಚ್ 13ರವರೆಗೆ ಪಂದ್ಯಗಳು ಜರುಗಿದವು. ಆಟಗಾರರು ಹೋಟೆಲ್ ಮತ್ತು ಮೈದಾನದ ಆಚೆ ಹೋಗುವಂತಿರಲಿಲ್ಲ. ಎರಡು ಪಂದ್ಯಗಳ ನಡುವೆ ಕೆಲವೊಮ್ಮೆ ಮೂರೇ ದಿನ ಬಿಡುವಿರುತ್ತಿತ್ತು. ಕಂಠೀರವದ ಪಶ್ಚಿಮ ಸ್ಟ್ಯಾಂಡಿನಲ್ಲಿ ನೆರೆದು ಹಾಡುತ್ತಿದ್ದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳ ಬೆಂಬಲ ತಂಡಕ್ಕೆ ದಕ್ಕಲಿಲ್ಲ. ಈ ಕಷ್ಟ ಹನ್ನೊಂದೂ ತಂಡಗಳಿಗೆ ಸಮನಾಗಿತ್ತಾದರೂ, ತವರಿನ ಬಲವನ್ನು ಹೆಚ್ಚು ನೆಚ್ಚಿದ್ದ ಬೆಂಗಳೂರಿಗೆ ನಷ್ಟ ದೊಡ್ಡದೇ.

ಆರಂಭದ ಆರು ಪಂದ್ಯಗಳು

ನವೆಂಬರ್ 22ರಂದು ಎಫ್‌ಸಿ ಗೋವಾ ವಿರುದ್ಧ ಕ್ಲೈಟನ್ ಮತ್ತು ಹುವಾನನ್ ಗೋಲುಗಳಿಂದ 2-0 ಮುಂದಿದ್ದ ತಂಡ, ಇಗೋರ್ ಅಂಗುಲೊ ಮೂರು ನಿಮಿಷಗಳ ಅಂತರದಲ್ಲಿ ಹೊಡೆದ ಎರಡು ಗೋಲುಗಳಿಂದಾಗಿ 2-2 ಡ್ರಾಗೆ ಇಳಿಯಿತು. ಹೈದರಾಬಾದ್ ಜೊತೆ ಗೋಲಿಲ್ಲದ ಡ್ರಾ ಆಯಿತು. ಚೆನ್ನೈಯಿನ್ ವಿರುದ್ಧ ಚೆಟ್ರಿಯ ಪೆನಾಲ್ಟಿ ಮೊದಲ ಜಯ ತಂದಿತು. ನಾರ್ತ್‌ಈಸ್ಟ್ ಯುನೈಟೆಡ್ ಜೊತೆ ಮತ್ತೊಂದು 2-2 ಡ್ರಾ ನಂತರ, ಕೇರಳ ಬ್ಲಾಸ್ಟರ್ಸ್ ವಿರುದ್ಧ 4-2, ಡಿಸೆಂಬರ್ 17ರಂದು ಒಡಿಶಾ ವಿರುದ್ಧ 2-1 ಗೆಲುವು ಬಂದವು. ಆರು ಪಂದ್ಯ, 12 ಪಾಯಿಂಟ್ಸ್, ಸೋಲಿಲ್ಲ.

ಅಂಕಿಗಳು ಚೆನ್ನಾಗಿದ್ದರೂ ಬಿರುಕು ಕಾಣತೊಡಗಿತ್ತು. ಹಿಂದಿನ ಸಾಲಿನಲ್ಲಿ 18 ಪಂದ್ಯಗಳಿಗೆ 13 ಗೋಲು ಬಿಟ್ಟಿದ್ದ ರಕ್ಷಣಾ ಪಡೆ ಈ ಆರರಲ್ಲೇ ಏಳು ಬಿಟ್ಟಿತ್ತು.

ನಾಲ್ಕು ಸೋಲು, ಕೋಚ್ ನಿರ್ಗಮನ

ಡಿಸೆಂಬರ್ 21ರಂದು ಎಟಿಕೆ ಮೋಹನ್ ಬಾಗಾನ್ ತಂಡದ ಡೇವಿಡ್ ವಿಲಿಯಮ್ಸ್ ಹೊಡೆದ ಏಕೈಕ ಗೋಲಿನಿಂದ ಮೊದಲ ಸೋಲು ಎದುರಾಯಿತು. ವಾರದ ಬಳಿಕ ಜೆಮ್‌ಶೆಡ್‌ಪುರದ ಸ್ಟೀಫನ್ ಎಜೆ ಗೋಲಿನಿಂದ ಮತ್ತೊಂದು 1-0. ಜನವರಿ 5ರಂದು ಮುಂಬೈ ಸಿಟಿ 3-1ರಿಂದ ಸೋಲಿಸಿತು. ಈ ಮೂರು ಪಂದ್ಯಗಳಲ್ಲಿ ಬೆಂಗಳೂರಿನ ಏಕೈಕ ಗೋಲು ಚೆಟ್ರಿಯ ಪೆನಾಲ್ಟಿ.

ಮರುದಿನ, ಜನವರಿ 6ರಂದು, ಕ್ವಾದ್ರತ್ ಅವರೊಂದಿಗೆ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತಿರುವುದಾಗಿ ಕ್ಲಬ್ ಪ್ರಕಟಿಸಿತು. 2016ರಿಂದ ಸಹಾಯಕರಾಗಿ, ಮುಖ್ಯ ಕೋಚ್ ಆಗಿ ದುಡಿದವರು ಋತುವಿನ ಅರ್ಧದಲ್ಲಿ ಹೊರನಡೆದಿದ್ದರು. ಮೀಸಲು ತಂಡದ ತರಬೇತಿ ನೋಡಿಕೊಂಡಿದ್ದ, ಭಾರತದ ಮಾಜಿ ಆಟಗಾರ ನೌಷಾದ್ ಮೂಸಾ ಹಂಗಾಮಿ ಕೋಚ್ ಆದರು. ಜನವರಿ 9ರಂದು ಎಸ್‌ಸಿ ಈಸ್ಟ್ ಬೆಂಗಾಲ್ ವಿರುದ್ಧ 1-0 ಸೋಲಿನೊಂದಿಗೆ ಸತತ ಸೋಲಿನ ಎಣಿಕೆ ನಾಲ್ಕಕ್ಕೇರಿತು.

ಮೂಸಾ ಅವಧಿ

ನಾರ್ತ್‌ಈಸ್ಟ್ ಜೊತೆ 1-1 ಡ್ರಾ ಆದ ಮೇಲೆ, ಜನವರಿ 20ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಮುನ್ನಡೆಯಲ್ಲಿದ್ದ ತಂಡ ಹೆಚ್ಚುವರಿ ಸಮಯದಲ್ಲಿ ಕೆ.ಪಿ. ರಾಹುಲ್ ಹೊಡೆದ ಗೋಲಿನಿಂದ 2-1ರಿಂದ ಸೋತಿತು. ಒಡಿಶಾ ಜೊತೆ 1-1. ಜನವರಿ 28ರಂದು ಹೈದರಾಬಾದ್ ವಿರುದ್ಧ ಚೆಟ್ರಿ ಮತ್ತು ಲಿಯಾನ್ ಅಗಸ್ಟಿನ್ ಗೋಲುಗಳಿಂದ 2-0 ಮುಂದಿದ್ದರೂ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಬಿಟ್ಟು ಡ್ರಾಗೆ ತೃಪ್ತಿಪಟ್ಟಿತು. ಮುನ್ನಡೆ ಕಾಯ್ದುಕೊಳ್ಳಲಾಗದ ಚಾಳಿ ಗೋವಾ ವಿರುದ್ಧದ ಮೊದಲ ಪಂದ್ಯದಿಂದಲೂ ಅಂಟಿಕೊಂಡಿತ್ತು.

ಫೆಬ್ರುವರಿ 2ರಂದು ಈಸ್ಟ್ ಬೆಂಗಾಲ್ ವಿರುದ್ಧ 2-0 ಗೆಲುವಿನೊಂದಿಗೆ ಎಂಟು ಪಂದ್ಯಗಳ ಬರ ನೀಗಿತು. ಆದರೆ ಚೆನ್ನೈಯಿನ್ ಜೊತೆಗಿನ 0-0 ಡ್ರಾ, ಎಟಿಕೆ ಮೋಹನ್ ಬಾಗಾನ್ ವಿರುದ್ಧದ 2-0 ಸೋಲು ಪ್ಲೇಆಫ್ ಆಸೆಯನ್ನು ಕ್ಷೀಣಗೊಳಿಸಿದವು. ಋತುವಿನ ಅತ್ಯುತ್ತಮ ಆಟ ಬಂದದ್ದು ಫೆಬ್ರುವರಿ 15ರಂದು. ಆ ವರ್ಷ ಚಾಂಪಿಯನ್ ಆಗಲಿದ್ದ ಮುಂಬೈ ಸಿಟಿಯನ್ನು ಬೆಂಗಳೂರು 4-2ರಿಂದ ಮಣಿಸಿತು. ಕ್ಲಬ್ ಪರ 200ನೇ ಪಂದ್ಯ ಆಡಿದ ಚೆಟ್ರಿ ಎರಡು, ಕ್ಲೈಟನ್ ಎರಡು ಗೋಲು ಹೊಡೆದರು. ಮುಂದಿನ ಪಂದ್ಯದಲ್ಲಿ ಗೋವಾ 2-1ರಿಂದ ಗೆದ್ದಾಗ ಪ್ಲೇಆಫ್ ಬಾಗಿಲು ಮುಚ್ಚಿತು. ಕೊನೆಯ ಪಂದ್ಯದಲ್ಲಿ ಜೆಮ್‌ಶೆಡ್‌ಪುರ 3-2ರಿಂದ ಜಯಿಸಿತು.

ನಾಲ್ಕನೆಯ ಸ್ಥಾನ ಪಡೆದ ಗೋವಾ 31 ಪಾಯಿಂಟ್ಸ್ ಗಳಿಸಿತ್ತು. ಬೆಂಗಳೂರು ಅದಕ್ಕಿಂತ ಒಂಬತ್ತು ಹಿಂದೆ ಉಳಿಯಿತು. ತಂಡ ಹೊಡೆದದ್ದು 26 ಗೋಲು, ಬಿಟ್ಟದ್ದು 28. ಹೊಡೆದವುಗಳಲ್ಲಿ ಚೆಟ್ರಿಯ ಪಾಲು ಎಂಟು, ಕ್ಲೈಟನ್ ಪಾಲು ಏಳು. ಉಳಿದವರೆಲ್ಲ ಸೇರಿ, ಎದುರಾಳಿಯ ಒಂದು ಸ್ವಂತ ಗೋಲೂ ಸೇರಿದಂತೆ, 11.

ಮಾಲೆ ಪ್ರಕರಣ

ಲೀಗ್ ಮುಗಿದರೂ ಎಎಫ್‌ಸಿ ಕಪ್ ಬಾಕಿಯಿತ್ತು. ಫೆಬ್ರುವರಿಯಲ್ಲಿ ನೇಮಕಗೊಂಡಿದ್ದ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ ಈ ಹಂತದಲ್ಲಿ ಹೊಣೆ ವಹಿಸಿಕೊಂಡರು. ಏಪ್ರಿಲ್ 14ರಂದು ಗೋವಾದಲ್ಲಿ ನೇಪಾಳದ ತ್ರಿಭುವನ್ ಆರ್ಮಿ ತಂಡವನ್ನು ಬೆಂಗಳೂರು 5-0ರಿಂದ ಸೋಲಿಸಿತು. ಮಾರ್ಚ್‌ನಲ್ಲಿ ಕೋವಿಡ್ ತಗುಲಿದ್ದ ಚೆಟ್ರಿ ಚೇತರಿಸಿಕೊಂಡು ಈ ಪಂದ್ಯ ಆಡಿದರು.

ಮೇ 11ರಂದು ಕ್ಲಬ್ ಈಗಲ್ಸ್ ವಿರುದ್ಧ ಪ್ಲೇಆಫ್ ಆಡಲು ತಂಡ ಮಾಲ್ಡೀವ್ಸ್‌ನ ಮಾಲೆಗೆ ಹೋಯಿತು. ಪಂದ್ಯಕ್ಕೆ ಮುನ್ನವೇ ತಂಡದ ಕೆಲವರು ಹೋಟೆಲ್ ಬಿಟ್ಟು ಹೊರಗೆ ಓಡಾಡಿ ಕೋವಿಡ್ ನಿಯಮ ಮುರಿದದ್ದು ಬಹಿರಂಗವಾಯಿತು. ತಂಡ ಕೂಡಲೇ ದೇಶ ಬಿಡಬೇಕೆಂದು ಅಲ್ಲಿನ ಕ್ರೀಡಾ ಸಚಿವ ಅಹ್ಮದ್ ಮಹಲೂಫ್ ಬಹಿರಂಗವಾಗಿ ಹೇಳಿದರು. ಕ್ಲಬ್ ಮಾಲೀಕ ಪಾರ್ಥ್ ಜಿಂದಾಲ್ ಕ್ಷಮೆ ಕೋರಿದರು. ಏಷ್ಯಾ ಫುಟ್‌ಬಾಲ್ ಒಕ್ಕೂಟ ಪಂದ್ಯವನ್ನು ಮುಂದೂಡಿತು. ಶಿಸ್ತಿಗೆ ಹೆಸರಾಗಿದ್ದ ಕ್ಲಬ್‌ಗೆ ಮೈದಾನದ ಸೋಲಿಗಿಂತ ಇದು ಹೆಚ್ಚಿನ ಮುಜುಗರ ತಂದಿತು. ಆಗಸ್ಟ್‌ನಲ್ಲಿ ಮಾಲೆಯಲ್ಲೇ ನಡೆದ ಮರುನಿಗದಿತ ಪಂದ್ಯವನ್ನು ಬೆಂಗಳೂರು 1-0ರಿಂದ ಗೆದ್ದರೂ ಗುಂಪು ಹಂತವನ್ನು ದಾಟಲಿಲ್ಲ.

ಕಾರಣಗಳು

ಕೋಚ್ ಬದಲಾವಣೆಯೇ ಮದ್ದು ಎಂಬ ನಂಬಿಕೆಯನ್ನು ಈ ಋತುವಿನ ಅಂಕಿಗಳು ಬೆಂಬಲಿಸುವುದಿಲ್ಲ. ಕ್ವಾದ್ರತ್ ಅವರ ಒಂಬತ್ತು ಪಂದ್ಯಗಳಲ್ಲಿ 12 ಪಾಯಿಂಟ್ಸ್ ಬಂದಿದ್ದರೆ, ಮೂಸಾ ಅವರ 11 ಪಂದ್ಯಗಳಲ್ಲಿ ಬಂದದ್ದು 10. ಇಬ್ಬರ ಕೈಗೂ ಸಿಕ್ಕಿದ್ದು ಒಂದೇ ತಂಡ. ಅದರ ಕೊರತೆಗಳು ಕೋಚ್ ಕುರ್ಚಿಗಿಂತ ಹಳೆಯವು. ಗೋಲಿಗಾಗಿ ಕಾರ್ನರ್, ಫ್ರೀಕಿಕ್ ಮತ್ತು ಉದ್ದ ಥ್ರೋಗಳ ಅತಿಯಾದ ಅವಲಂಬನೆ, ಚೆಟ್ರಿಗೆ ಜೊತೆಯಾಗಬಲ್ಲವರ ಅಭಾವ, ಮಧ್ಯಪಡೆಯ ವಯಸ್ಸು, ಗಾಯದಿಂದ ಹುವಾನನ್ ಮತ್ತು ಆಶಿಕ್ ಕುರುಣಿಯನ್ ಅವರ ಗೈರು ಒಟ್ಟಾದಾಗ ಪೆಟ್ಟು ಬಿತ್ತು. ಋತುವಿನ ಮಧ್ಯೆ ನಾರ್ತ್‌ಈಸ್ಟ್‌ಗೆ ಹೋದ ಫಾರ್ವರ್ಡ್ ಡೆಶಾರ್ನ್ ಬ್ರೌನ್ ಆ ತಂಡದೊಂದಿಗೆ ಪ್ಲೇಆಫ್ ಆಡಿದರು.

ಪರಿಣಾಮ

ಋತು ಮುಗಿದ ಮೇಲೆ ಹುವಾನನ್, ದೆಲ್ಗಾದೊ, ಪಾರ್ಟಾಲು ತೆರಳಿದರು. ರಾಹುಲ್ ಭೆಕೆ ಮುಂಬೈ ಸಿಟಿಗೆ, ಹರ್ಮನ್‌ಜೋತ್ ಖಾಬ್ರಾ ಕೇರಳ ಬ್ಲಾಸ್ಟರ್ಸ್‌ಗೆ ಹೋದರು. ಅವರ ಜಾಗದಲ್ಲಿ ಕಿರಿಯರು ಬೆಳೆದರು: ನವೊರೆಂ ರೋಷನ್ ಸಿಂಗ್ 2021-22ರಲ್ಲಿ, ಶಿವಶಕ್ತಿ ನಾರಾಯಣನ್ 2022-23ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಗೋವಾದಲ್ಲೇ ನಡೆದ 2021-22ರ ಐಎಸ್‌ಎಲ್‌ನಲ್ಲಿ ತಂಡ ಆರನೆಯ ಸ್ಥಾನಕ್ಕೇರಿತಾದರೂ ಪ್ಲೇಆಫ್ ಮತ್ತೆ ತಪ್ಪಿತು. ಪೆಜ್ಜಾಯುವೊಲಿ ಕೂಡ 2022ರ ಜೂನ್‌ನಲ್ಲಿ ನಿರ್ಗಮಿಸಿದರು.

ಸೈಮನ್ ಗ್ರೇಸನ್ ಕೋಚ್ ಆದ ಮೇಲೆ, 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಮಣಿಸಿ ಡುರಾಂಡ್ ಕಪ್ ಗೆದ್ದಾಗ ಮೂರು ವರ್ಷಗಳ ಪ್ರಶಸ್ತಿ ಬರ ಕೊನೆಗೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಐಎಸ್‌ಎಲ್ ಕಂಠೀರವಕ್ಕೆ ಮರಳಿತು. 2023ರ ಮಾರ್ಚ್‌ನಲ್ಲಿ ತಂಡ ಫೈನಲ್ ತಲುಪಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಯಿತು. ಆದರೆ ಏರಿಕೆ ಸ್ಥಿರವಾಗಿ ಉಳಿಯಲಿಲ್ಲ: 2023-24ರಲ್ಲಿ ಹತ್ತನೆಯ ಸ್ಥಾನಕ್ಕೆ ಕುಸಿದು, 2024-25ರಲ್ಲಿ ಮತ್ತೆ ಫೈನಲ್ ಆಡಿತು. ವರ್ಷಕ್ಕೊಂದು ಕಪ್ ಎಂಬ ಮೊದಲ ಆರು ಋತುಗಳ ಕ್ರಮ 2020-21ರ ಬಳಿಕ ಮರುಕಳಿಸಿಲ್ಲ.