ಬಾಡಿಗೆ ಮನೆಯ ಹೂಡಿಕೆ: ಲೆಕ್ಕ ತಪ್ಪುವುದೆಲ್ಲಿ?

ಬೆಂಗಳೂರು: ನಿವೃತ್ತಿಯ ಹಣದಲ್ಲಿ ಫ್ಲ್ಯಾಟ್ ಕೊಂಡು, ಇಲ್ಲವೇ ತಾವಿರುವ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟರೆ ಮುಪ್ಪಿನ ಕಾಲದ ಚಿಂತೆ ತೀರಿತು ಎಂಬ ನಂಬಿಕೆ ನಗರದ ಮಧ್ಯಮ ವರ್ಗದಲ್ಲಿ ಆಳವಾಗಿದೆ. ಆದರೆ ಒಂದೆರಡು ಮನೆಗಳ ಮಾಲೀಕರು ಸಂಕಷ್ಟಕ್ಕೆ ಸಿಲುಕುವುದು ಹೆಚ್ಚಾಗಿ ಮನೆಯ ಬೆಲೆ ಕುಸಿದಾಗಲ್ಲ, ಕೈಯಲ್ಲಿ ನಗದು ಇಲ್ಲದಾದಾಗ.

ಉದಾಹರಣೆಗೆ, 60 ಲಕ್ಷ ರೂ. ಬೆಲೆಯ ಫ್ಲ್ಯಾಟಿಗೆ ತಿಂಗಳಿಗೆ 18 ಸಾವಿರ ರೂ. ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 2.16 ಲಕ್ಷ, ಅಂದರೆ ಶೇ 3.6. ಒಂದು ತಿಂಗಳು ಮನೆ ಖಾಲಿ ಬಿದ್ದು, ಅಪಾರ್ಟ್‌ಮೆಂಟ್ ಸಂಘದ ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ಸುಣ್ಣಬಣ್ಣದ ಖರ್ಚು ಕಳೆದರೆ ಉಳಿಯುವುದು ಶೇ 2.5ರ ಆಸುಪಾಸು. ಇದೇ ಫ್ಲ್ಯಾಟಿಗೆ ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 45 ಲಕ್ಷ ಸಾಲ ಪಡೆದಿದ್ದರೆ ಮಾಸಿಕ ಕಂತು ಸುಮಾರು 39 ಸಾವಿರ ರೂ. ಬಾಡಿಗೆಯಿಂದಲೇ ಕಂತು ತೀರುತ್ತದೆ ಎಂಬ ದಲ್ಲಾಳಿಗಳ ಮಾತು ಇಲ್ಲಿ ಅರ್ಧಕ್ಕೂ ನಿಲ್ಲುವುದಿಲ್ಲ. ಬಾಡಿಗೆ ಆದಾಯದಲ್ಲಿ ಶೇ 30ರಷ್ಟು ಕಡಿತ ಸಿಗುತ್ತದೆಂಬುದು ನಿಜ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆಯನ್ನು ಮೀರಿದ ಬಡ್ಡಿಯ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲು ಅವಕಾಶವಿಲ್ಲ.

ಇದಕ್ಕಿಂತ ದೊಡ್ಡ ಅಪಾಯವಿರುವುದು ಮುಂಗಡದಲ್ಲಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಬೆಂಗಳೂರಿನ ಹಳೆಯ ರೂಢಿ. ಜನರ ಬಾಯಲ್ಲಿ ‘ಲೀಸ್’ ಎನಿಸಿರುವ ಭೋಗ್ಯದಲ್ಲಂತೂ ಬಾಡಿಗೆಯೇ ಇಲ್ಲ. ಎಂಟು-ಹತ್ತು ಲಕ್ಷ ಒಮ್ಮೆಗೇ ಕೈಸೇರುತ್ತದೆ. ಅದನ್ನು ಸಾಲ ತೀರಿಸಲೋ ಮಗಳ ಮದುವೆಗೋ ಬಳಸಿದ ಮಾಲೀಕ, ಅವಧಿ ಮುಗಿದಾಗ ಹೊಸ ಭೋಗ್ಯದಾರನ ಹಣದಿಂದ ಹಳಬನಿಗೆ ತೀರಿಸುವ ಲೆಕ್ಕ ಹಾಕಿರುತ್ತಾನೆ. ಹೊಸಬ ಬಾರದಿದ್ದರೆ ಹಳಬ ಮನೆ ಬಿಡುವುದಿಲ್ಲ, ಬಾಡಿಗೆಯೂ ಬರುವುದಿಲ್ಲ. 2020ರ ಲಾಕ್‌ಡೌನ್ ಬಳಿಕ ಜನ ಊರಿಗೆ ಮರಳಿದಾಗ ಮನೆಗಳೂ ಪಿ.ಜಿ.ಗಳೂ ಖಾಲಿ ಬಿದ್ದದ್ದನ್ನು ಓದುಗರು ಮರೆತಿರಲಾರರು.

ಭೋಗ್ಯಕ್ಕೆ ಹೋಗುವವರಿಗೂ ಅಪಾಯ ತಪ್ಪಿದ್ದಲ್ಲ. ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು ಕಂತು ನಿಂತರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಅದನ್ನು ವಶಕ್ಕೆ ಪಡೆಯಬಹುದು; ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬರೆಸಿಕೊಂಡ ಪತ್ರ ಆಗ ಹೆಚ್ಚು ಆಸರೆಯಾಗದು. ಋಣಭಾರ ಪ್ರಮಾಣಪತ್ರವನ್ನೂ ಮೂಲ ದಾಖಲೆಗಳನ್ನೂ ನೋಡದೆ ಹಣ ಕೊಡಬಾರದೆನ್ನುವುದು ಇದಕ್ಕಾಗಿಯೇ.

ಕಾನೂನಿನ ವಿಷಯದಲ್ಲೂ ತಪ್ಪು ಕಲ್ಪನೆಗಳಿವೆ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ-1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಇಂದಿನ ಬಹುತೇಕ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆದಾರನಿಗೆ 15 ದಿನಗಳ ನೋಟಿಸ್ ಸಾಕು. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಮನೆ ತೆರವಾಗುವುದಿಲ್ಲ. ಬೀಗ ಜಡಿಯುವುದು, ನೀರು-ವಿದ್ಯುತ್ ಕಡಿತಗೊಳಿಸುವುದು ಮಾಲೀಕನನ್ನೇ ಕಟಕಟೆಗೆ ತರಬಹುದು. ಸಿವಿಲ್ ದಾವೆಯೇ ದಾರಿ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ ಕಾರಣ 11 ತಿಂಗಳ ಪತ್ರ ರೂಢಿಗೆ ಬಂತು. ಅನೇಕರು ಅದನ್ನೂ ನವೀಕರಿಸುವುದಿಲ್ಲ.

ಮೊದಲ ಬಾರಿಗೆ ಬಾಡಿಗೆಗೆ ಕೊಡುವವರು ಮುಂಗಡವನ್ನು ಪ್ರತ್ಯೇಕ ಠೇವಣಿಯಲ್ಲಿಟ್ಟು, ಮೂರು ತಿಂಗಳ ಕಂತಿನಷ್ಟು ಹಣವನ್ನು ಬೇರೆಯಾಗಿ ಕಾಯ್ದಿರಿಸುವುದು ಕ್ಷೇಮ. ಇವೆರಡೂ ಸಾಧ್ಯವಾಗದಿದ್ದರೆ ಎರಡನೇ ಮನೆಯ ಖರೀದಿಯನ್ನು ಮುಂದೂಡಬಹುದು.