ಮನೆ ದಲ್ಲಾಳಿ, ಸಾಲದ ದಲ್ಲಾಳಿ: ಯಾರ ಕಮಿಷನ್ ದುಬಾರಿ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ. ಎರಡರ ನಡುವೆಯೂ ದಲ್ಲಾಳಿ ಇದ್ದೇ ಇರುತ್ತಾರೆ. ಮನೆ ಕೊಳ್ಳುವಾಗಲಂತೂ ಈಗ ಒಬ್ಬರಲ್ಲ, ಇಬ್ಬರು. ಒಬ್ಬರು ಮನೆಯನ್ನೋ ಸೈಟನ್ನೋ ತೋರಿಸುವವರು. ಇನ್ನೊಬ್ಬರು "ಲೋನ್ ಮಾಡಿಸಿಕೊಡ್ತೀನಿ" ಎಂದು ಬರುವವರು.

ಮೊದಲನೆಯವರು ಕೇಳುವ ಒಂದು ಎರಡು ಪರ್ಸೆಂಟಿಗೆ ನಾವು ವಾರಗಟ್ಟಲೆ ಚೌಕಾಸಿ ಮಾಡುತ್ತೇವೆ. ಎರಡನೆಯವರ ಹತ್ತಿರ ಚೌಕಾಸಿಯೇ ಇಲ್ಲ. "ನೀವೇನೂ ಕೊಡಬೇಡಿ, ಬ್ಯಾಂಕೇ ಕೊಡುತ್ತೆ" ಎಂದುಬಿಡುತ್ತಾರೆ. ಅಲ್ಲಿಗೆ ನಮಗೆ ಸಮಾಧಾನ.

ಈ ಎರಡು ಕಮಿಷನ್‌ಗಳಿಗೂ ಅವುಗಳದೇ ಇತಿಹಾಸ ಇದೆ. ಒಂದು ಬಹಳ ಹಳೆಯದು, ಇನ್ನೊಂದು ನಮ್ಮ ಕಾಲದ್ದು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ನಾವು ಜಗಳ ಆಡುತ್ತಿರುವುದು ಚಿಕ್ಕ ಲೆಕ್ಕಕ್ಕೆ ಎಂದು ಗೊತ್ತಾಗುತ್ತದೆ.

ನೆರೆಹೊರೆಯ ಎದುರು ಮಾರಾಟ

ಮನೆ ಮಾರಾಟಕ್ಕೆ ನಮ್ಮ ದೇಶದಲ್ಲಿ ಇದ್ದ ಹಳೆಯ ನಿಯಮಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಿಗುತ್ತವೆ. ಮನೆ ಅಥವಾ ಜಮೀನು ಮಾರುವಾಗ ಮೊದಲು ನೆಂಟರಿಗೆ, ಆಮೇಲೆ ಅಕ್ಕಪಕ್ಕದವರಿಗೆ, ಆಮೇಲೆ ಸಾಲ ಕೊಟ್ಟವರಿಗೆ ಕೊಳ್ಳುವ ಅವಕಾಶ. ನೆರೆಯ ನಲವತ್ತು ಮನೆತನಗಳ ಎದುರು, ಆ ಮನೆಯ ಮುಂದೆಯೇ, ಗಡಿ ಎಲ್ಲಿಂದ ಎಲ್ಲಿಗೆ ಎಂದು ಹೇಳಿ ಮಾರಾಟ ಸಾರಬೇಕು. ಬೆಲೆಯನ್ನು ಮೂರು ಸಲ ಕೂಗಬೇಕು. ಪೈಪೋಟಿಯಿಂದ ಬೆಲೆ ಏರಿದರೆ ಏರಿದ ಹಣ ಸುಂಕದ ಜೊತೆಗೆ ರಾಜನ ಬೊಕ್ಕಸಕ್ಕೆ.

ಎಲ್ಲ ಕಡೆ ಹೀಗೇ ನಡೆಯುತ್ತಿತ್ತು ಎಂದಲ್ಲ. ಆದರೆ ನಿಯಮದ ಹಿಂದಿನ ಯೋಚನೆ ಮುಖ್ಯ. ಬೆಲೆ ಎಷ್ಟು, ಗಡಿ ಯಾವುದು, ಯಾರು ಕೊಂಡರು ಎನ್ನುವುದು ನಾಲ್ಕು ಜನರಿಗೆ ಗೊತ್ತಿರಬೇಕು. ಗೊತ್ತಿದ್ದರೆ ಮೋಸ ಕಡಿಮೆ.

ದಾರಿ ತೋರಿಸುವವರ ಕೂಲಿ

ದಲ್ಲಾಳಿ ಎನ್ನುವ ಮಾತು ಅರಬ್ಬಿಯ 'ದಲ್ಲಾಲ್' ಪದದಿಂದ ಬಂದದ್ದು. ಅದರ ಮೂಲದಲ್ಲಿ ದಾರಿ ತೋರಿಸುವುದು ಎಂಬ ಅರ್ಥವಿದೆ. ಹೆಸರು ಕೆಲಸಕ್ಕೆ ಸರಿಯಾಗಿಯೇ ಇದೆ. ಯಾರ ಮನೆ ಮಾರಾಟಕ್ಕಿದೆ, ಅಣ್ಣತಮ್ಮಂದಿರ ಪಾಲು ಆಗಿದೆಯೋ ಇಲ್ಲವೋ, ಕೋರ್ಟಿನಲ್ಲಿ ಕೇಸು ಇದೆಯೋ, ಇದೆಲ್ಲ ಗೊತ್ತಿದ್ದವರು ಅವರೊಬ್ಬರೇ. ಆ ತಿಳಿವಳಿಕೆಗೇ ಕೂಲಿ.

ನಮ್ಮ ದನಗಳ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಅನೇಕರು ನೋಡಿದ್ದೀರಿ. ಸುತ್ತ ನಿಂತವರಿಗೆ ಬೆಲೆ ಕಾಣುವುದಿಲ್ಲ. ಮಾರುವವರಿಗೆ ಎಷ್ಟು ಹೇಳಿದರು, ಕೊಳ್ಳುವವರಿಗೆ ಎಷ್ಟು ಹೇಳಿದರು ಎನ್ನುವುದು ದಲ್ಲಾಳಿಯ ಬೆರಳಿಗೆ ಮಾತ್ರ ಗೊತ್ತು. ಈ ನಡುವಿನ ಅಂತರವನ್ನು ದಲ್ಲಾಳಿ ತಾನೇ ಇಟ್ಟುಕೊಂಡರೆ ಏನು ಮಾಡುವುದು? ಮನೆ ವ್ಯವಹಾರದಲ್ಲೂ ಹಳೆಯ ತಕರಾರು ಇದೇ.

ಇದಕ್ಕೆ ಬ್ರಿಟಿಷರ ಕಾಲದಲ್ಲಿ ಬಂದ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಉತ್ತರವಿದೆ. ಅದರಲ್ಲಿ ಏಜೆಂಟರ ಬಗ್ಗೆಯೇ ಒಂದು ಅಧ್ಯಾಯ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ಒಪ್ಪಿಸಿದ ಕೆಲಸ ಮುಗಿಯುವ ತನಕ ಏಜೆಂಟರಿಗೆ ಕೂಲಿ ಸಲ್ಲುವುದಿಲ್ಲ ಎನ್ನುತ್ತದೆ 219ನೇ ಕಲಮು. ಕೆಲಸದಲ್ಲಿ ದುರ್ನಡತೆ ಮಾಡಿದರೆ ಆ ಭಾಗಕ್ಕೆ ಕೂಲಿಯೇ ಇಲ್ಲ ಎನ್ನುತ್ತದೆ 220ನೇ ಕಲಮು.

216ನೇ ಕಲಮಿಗೆ ಕಾಯ್ದೆ ಕೊಡುವ ಉದಾಹರಣೆ ಮನೆಯದ್ದೇ. ಒಬ್ಬರು ತಮ್ಮ ಏಜೆಂಟರಿಗೆ ಇಂಥ ಮನೆ ಕೊಂಡುಕೊಡಿ ಎನ್ನುತ್ತಾರೆ. ಏಜೆಂಟರು "ಆ ಮನೆ ಸಿಗಲ್ಲ" ಎಂದು ಹೇಳಿ ತಾವೇ ಕೊಂಡುಬಿಡುತ್ತಾರೆ. ಇದು ಗೊತ್ತಾದಾಗ, ಏಜೆಂಟರು ಕೊಟ್ಟ ಬೆಲೆಗೇ ಆ ಮನೆಯನ್ನು ತನಗೆ ಮಾರುವಂತೆ ಕೇಳುವ ಹಕ್ಕು ಮೊದಲನೆಯವರಿಗೆ ಇದೆ. 150 ವರ್ಷ ಹಿಂದಿನ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಸಾಲಕ್ಕೆ ದಲ್ಲಾಳಿ ಇರಲಿಲ್ಲ

ಮನೆ ದಲ್ಲಾಳಿ ಇಷ್ಟು ಹಳಬರಾದರೆ, ಮನೆ ಸಾಲದ ದಲ್ಲಾಳಿ ಎಲ್ಲಿದ್ದರು? ಬಹಳ ಕಾಲ ಇರಲೇ ಇಲ್ಲ ಎನ್ನಬಹುದು. ಸಾಲ ಬೇಕಾದರೆ ಊರಿನ ಸಾಹುಕಾರರ ಹತ್ತಿರ ನೇರವಾಗಿ ಹೋಗುವುದು. ಅವರು ಜಮೀನು ಅಥವಾ ಮನೆಯನ್ನು ಭೋಗ್ಯಕ್ಕೆ ಹಿಡಿಯುವರು. ಸಾಲ ತೀರುವ ತನಕ ಬೆಳೆಯೋ ಬಾಡಿಗೆಯೋ ಅವರದು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಡಮಾನದ ಬಗೆಗಳನ್ನು ಪಟ್ಟಿ ಮಾಡಿದಾಗ ಭೋಗ್ಯವೂ ಅದರಲ್ಲಿ ಸೇರಿತು.

ಸಾಹುಕಾರರ ಬಡ್ಡಿಗೆ ಪರ್ಯಾಯ ಹುಡುಕಿದ್ದು ಸಹಕಾರ ಸಂಘಗಳು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸದಸ್ಯರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರು. ಯಾರು ತೀರಿಸಬಲ್ಲರು ಎಂದು ಹೇಳಲು ಮಧ್ಯದಲ್ಲಿ ಯಾರೂ ಬೇಕಿರಲಿಲ್ಲ.

ಆದರೆ ಮನೆಗೆಂದೇ ದೀರ್ಘಾವಧಿ ಸಾಲ ಕೊಡುವ ಸಂಸ್ಥೆಗಳು ಬಂದದ್ದು ತಡವಾಗಿ. 1977ರಲ್ಲಿ ಎಚ್.ಟಿ. ಪಾರೇಖ್ ಅವರು ಮುಂಬೈಯಲ್ಲಿ ಎಚ್‌ಡಿಎಫ್‌ಸಿ ಆರಂಭಿಸಿದರು. ಆಗ ಸಂಬಳದಾರರು ನಿವೃತ್ತಿಯ ಹಣ ಬಂದ ಮೇಲೆ ಮನೆ ಮಾಡುವುದೇ ವಾಡಿಕೆ. ದುಡಿಯುವ ವಯಸ್ಸಿನಲ್ಲೇ ಸಾಲ ಮಾಡಿ ಮನೆ ಕೊಳ್ಳಬಹುದು ಎಂಬುದು ಹೊಸ ವಿಚಾರ. 1987ರಲ್ಲಿ ಕೆನರಾ ಬ್ಯಾಂಕ್ ಬೆಂಗಳೂರಿನಲ್ಲಿ ಕ್ಯಾನ್ ಫಿನ್ ಹೋಮ್ಸ್ ಹುಟ್ಟುಹಾಕಿತು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಬಂತು. ಆ ದಿನಗಳಲ್ಲಿ ಸಾಲ ಬೇಕಾದವರು ಕಚೇರಿಯ ಮುಂದೆ ಕಾಯಬೇಕಿತ್ತು.

ಸಾಲವೇ ಬಾಗಿಲಿಗೆ ಬಂತು

ಆರ್ಥಿಕ ಉದಾರೀಕರಣದ ನಂತರ ಚಿತ್ರ ತಿರುಗಿತು. ಖಾಸಗಿ ಬ್ಯಾಂಕುಗಳು ಬಂದವು, ಪೈಪೋಟಿ ಶುರುವಾಯಿತು. ಊರೂರಿಗೆ ಶಾಖೆ ತೆರೆಯುವುದಕ್ಕಿಂತ ಗಿರಾಕಿ ತಂದುಕೊಟ್ಟವರಿಗೆ ಕಮಿಷನ್ ಕೊಡುವುದು ಬ್ಯಾಂಕಿಗೆ ಅಗ್ಗ. ಹೀಗೆ ಹುಟ್ಟಿದವರು 'ಡಿಎಸ್‌ಎ'ಗಳು, ಅಂದರೆ ಬ್ಯಾಂಕಿನ ಪರವಾಗಿ ನೇರ ಮಾರಾಟ ಮಾಡುವ ಏಜೆಂಟರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮನೆ ದಲ್ಲಾಳಿಗೆ ಹಣ ಕೊಡುವವರು ನಾವು, ಆದ್ದರಿಂದ ಅವರ ಲೆಕ್ಕ ನಮಗೆ ಗೊತ್ತು. ಸಾಲದ ಏಜೆಂಟರಿಗೆ ಹಣ ಕೊಡುವುದು ಬ್ಯಾಂಕು. ಹಾಗಾಗಿ ಅವರು ಬ್ಯಾಂಕಿನ ಏಜೆಂಟರು, ನಮ್ಮವರಲ್ಲ. ಕಮಿಷನ್ ಲೆಕ್ಕ ಸಾಲದ ಮೊತ್ತದ ಮೇಲೆ. ಸಾಲ ದೊಡ್ಡದಾದಷ್ಟೂ ಅವರಿಗೆ ಲಾಭ. ಎರಡು ಬ್ಯಾಂಕುಗಳಲ್ಲಿ ಹೆಚ್ಚು ಕಮಿಷನ್ ಕೊಡುವ ಕಡೆಗೆ ನಮ್ಮ ಫೈಲು ಹೋದರೆ ಆಶ್ಚರ್ಯವಿಲ್ಲ. ಆ ಬ್ಯಾಂಕಿನ ಬಡ್ಡಿಯೇ ಕಡಿಮೆ ಇರಬೇಕೆಂದೇನೂ ಇಲ್ಲ.

2006ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಹೊರಗುತ್ತಿಗೆಯ ಏಜೆಂಟರು ಮಾಡುವ ಕೆಲಸಕ್ಕೆ ಕೊನೆಯ ಹೊಣೆ ಬ್ಯಾಂಕಿನದೇ ಎಂದು ಅದರಲ್ಲಿ ಹೇಳಿತು. "ಅದು ಏಜೆಂಟ್ ಹೇಳಿದ್ದು, ನಮಗೆ ಸಂಬಂಧ ಇಲ್ಲ" ಎಂದು ಬ್ಯಾಂಕ್ ಜಾರಿಕೊಳ್ಳುವಂತಿಲ್ಲ.

ಅಮೆರಿಕದಲ್ಲಿ ನಡೆದ ಜಗಳ

ಈ ಎರಡೂ ಕಮಿಷನ್ ಬಗ್ಗೆ ದೊಡ್ಡ ಜಗಳಗಳು ನಡೆದಿರುವುದು ಅಮೆರಿಕದಲ್ಲಿ. ನಮಗೆ ದೂರದ ದೇಶವಾದರೂ ಅಲ್ಲಿ ಆದದ್ದನ್ನು ನೋಡಿದರೆ ಇಲ್ಲಿಯದು ಸುಲಭವಾಗಿ ಅರ್ಥವಾಗುತ್ತದೆ.

ಮನೆ ದಲ್ಲಾಳಿಗಳ ಕಮಿಷನ್ ಅಲ್ಲಿ ಸಾಮಾನ್ಯವಾಗಿ ಶೇ. 5ರಿಂದ 6. ಮಾರುವವರು ಕೊಟ್ಟದ್ದನ್ನು ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುತ್ತಿದ್ದರು. ವಾಷಿಂಗ್ಟನ್ ನಗರದ ದಲ್ಲಾಳಿಗಳ ಮಂಡಳಿ ಇಷ್ಟೇ ಕಮಿಷನ್ ತೆಗೆದುಕೊಳ್ಳಬೇಕೆಂದು ಸದಸ್ಯರಿಗೆ ದರ ಕಟ್ಟಿತ್ತು. ಅದು ಕಾನೂನಿಗೆ ವಿರುದ್ಧ ಎಂದು 1950ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಶೇ. 5–6ರ ರೂಢಿ ಹೋಗಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕನ್ಸಾಸ್ ಸಿಟಿಯ ಜ್ಯೂರಿ ದಲ್ಲಾಳಿಗಳ ರಾಷ್ಟ್ರೀಯ ಸಂಘ ಮತ್ತು ಕೆಲವು ಕಂಪನಿಗಳ ವಿರುದ್ಧ ಸುಮಾರು 180 ಕೋಟಿ ಡಾಲರ್ ಪರಿಹಾರಕ್ಕೆ ತೀರ್ಪು ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಆ ಸಂಘ 41.8 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆ ಆಗಸ್ಟ್‌ನಿಂದ ಹೊಸ ನಿಯಮ: ಮನೆ ತೋರಿಸುವ ಮೊದಲೇ ಏಜೆಂಟರ ಫೀಸು ಎಷ್ಟೆಂದು ಕೊಳ್ಳುವವರ ಜೊತೆ ಬರಹದಲ್ಲಿ ಒಪ್ಪಂದ ಆಗಬೇಕು.

ಸಾಲದ ದಲ್ಲಾಳಿಗಳ ಕಥೆ ಇನ್ನೂ ಕಹಿ. ಗಿರಾಕಿಗೆ ಶೇ. 6ಕ್ಕೆ ಸಾಲ ಸಿಗುವಂತಿದ್ದರೂ ಶೇ. 7ಕ್ಕೆ ಸಹಿ ಹಾಕಿಸಿದರೆ, ಆ ಹೆಚ್ಚಿನ ಬಡ್ಡಿಯ ಲಾಭದಲ್ಲಿ ದಲ್ಲಾಳಿಗೆ ಪಾಲು ಸಿಗುತ್ತಿತ್ತು. ಈ ಪಾಲು ಸಾಲಗಾರರ ಕೈಯಿಂದ ನೇರವಾಗಿ ದಲ್ಲಾಳಿಗೆ ಹೋಗುತ್ತಿರಲಿಲ್ಲ. ಆದರೆ ಅವರು ಮೂವತ್ತು ವರ್ಷ ಹೆಚ್ಚಿನ ಬಡ್ಡಿ ಕಟ್ಟುತ್ತಿದ್ದರು. 2008ರ ಮನೆ ಸಾಲದ ಕುಸಿತದ ನಂತರ, 2010ರ ಡಾಡ್-ಫ್ರಾಂಕ್ ಕಾಯ್ದೆ ಬಂದಾಗ ಇದು ನಿಂತಿತು. ಬಡ್ಡಿ ದರ ಹೆಚ್ಚಿದಷ್ಟು ದಲ್ಲಾಳಿಯ ಕಮಿಷನ್ ಹೆಚ್ಚಿಸುವಂತಿಲ್ಲ ಎಂದಾಯಿತು.

ನಮ್ಮ ಲೆಕ್ಕ ಹಾಕೋಣ

ತಾಲ್ಲೂಕು ಕೇಂದ್ರದಲ್ಲಿ 30 ಲಕ್ಷದ ಮನೆ ಎಂದುಕೊಳ್ಳಿ. ಮನೆ ದಲ್ಲಾಳಿಗೆ ಶೇ. 2 ಕೊಟ್ಟರೆ 60,000 ರೂಪಾಯಿ. ಒಂದೇ ಸಲ, ಮುಗಿಯಿತು.

ಕೈಯಲ್ಲಿ 6 ಲಕ್ಷ ಇದೆ, 24 ಲಕ್ಷ ಸಾಲ, 20 ವರ್ಷ ಅವಧಿ. ಬಡ್ಡಿ ಶೇ. 8.5 ಆದರೆ ತಿಂಗಳ ಕಂತು ಸುಮಾರು 20,828 ರೂಪಾಯಿ. ಶೇ. 9 ಆದರೆ ಸುಮಾರು 21,593. ತಿಂಗಳಿಗೆ 765 ರೂಪಾಯಿ ವ್ಯತ್ಯಾಸ. ಅದೇನು ಮಹಾ ಎನಿಸುತ್ತದೆ. 240 ತಿಂಗಳಿಗೆ ಗುಣಿಸಿ: ಸುಮಾರು 1 ಲಕ್ಷ 84 ಸಾವಿರ. ಮನೆ ದಲ್ಲಾಳಿಗೆ ಕೊಟ್ಟದ್ದರ ಮೂರು ಪಟ್ಟು.

"ಇನ್ನೊಂದು ಲಕ್ಷ ಜಾಸ್ತಿ ತಗೊಳ್ಳಿ, ಬಣ್ಣಕ್ಕೆ ಆಗುತ್ತೆ" ಎಂಬ ಮಾತಿಗೂ ಬೆಲೆ ಇದೆ. ಶೇ. 8.5ರಲ್ಲಿ 20 ವರ್ಷಕ್ಕೆ ಆ ಒಂದು ಲಕ್ಷಕ್ಕೆ ವಾಪಸು ಕಟ್ಟುವುದು ಸುಮಾರು 2 ಲಕ್ಷ 8 ಸಾವಿರ. ಸಾಲಕ್ಕೆ ಅಂಟಿಸುವ ವಿಮೆಯ ಕಂತಿಗೂ ಇದೇ ಲೆಕ್ಕ.

ಸಾಲದ ಏಜೆಂಟರೆಲ್ಲ ಮೋಸಗಾರರು ಎಂದು ಇದರ ಅರ್ಥವಲ್ಲ. ಬ್ಯಾಂಕು ಕೇಳುವ ಕಾಗದಪತ್ರಕ್ಕೆ ಓಡಾಡಿ ಕೆಲಸ ಮುಗಿಸಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ "ಫ್ರೀ" ಎಂಬ ಮಾತು ನಮ್ಮ ಚೌಕಾಸಿಯ ಬಾಯಿ ಮುಚ್ಚಿಸುತ್ತದೆ. ನಾಲ್ಕು ಬ್ಯಾಂಕಿನ ಬಡ್ಡಿ ಕೇಳಬೇಕಾದ ಕಡೆ ನಾವು ಒಂದೇ ಫೈಲಿಗೆ ಸಹಿ ಹಾಕುತ್ತೇವೆ.

ಟವೆಲ್ ಎತ್ತುವ ಕಾನೂನುಗಳು

2012ರಿಂದ ಈಚೆಗೆ ಬಂದ ನಿಯಮಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತಿವೆ: ಮುಚ್ಚಿದ್ದನ್ನು ತೆರೆಯುವುದು.

2012ರಲ್ಲಿ ರಿಸರ್ವ್ ಬ್ಯಾಂಕ್, ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಎಂದಿತು. ಅಂದರೆ ಬಡ್ಡಿ ದುಬಾರಿ ಎನಿಸಿದರೆ ಬೇರೆ ಬ್ಯಾಂಕಿಗೆ ಹೋಗುವ ದಾರಿ ತೆರೆಯಿತು.

2016ರ ರೇರಾ ಕಾಯ್ದೆ ಮನೆ ದಲ್ಲಾಳಿಗಳನ್ನು ನೋಂದಣಿಗೆ ಒಳಪಡಿಸಿತು. ನೋಂದಾಯಿತ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಮಾರಿಸುವವರಿಗೆ ರೇರಾ ನಂಬರ್ ಇರಲೇಬೇಕು. ಆದರೆ ಕಮಿಷನ್ ಇಷ್ಟೇ ಎಂದು ಆ ಕಾಯ್ದೆ ಹೇಳುವುದಿಲ್ಲ. ಊರೊಳಗಿನ ಹಳೆಯ ಮನೆ ಕೊಡಿಸುವವರಿಗೆ ಅದು ಅನ್ವಯಿಸುವುದೂ ಇಲ್ಲ. ಅಲ್ಲಿ ಇಂದಿಗೂ ಕೈಗೆ ಬರುವುದು 1872ರ ಕರಾರು ಕಾಯ್ದೆಯೇ.

2023ರ ಡಿಸೆಂಬರ್‌ನಿಂದ, ಸಾಲ ಪೂರ್ತಿ ತೀರಿಸಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು 2024ರ ಅಕ್ಟೋಬರ್ 1ರಿಂದ ಬಂದ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್'. ಬಡ್ಡಿ, ಪ್ರೊಸೆಸಿಂಗ್ ಫೀಸು, ಬ್ಯಾಂಕ್ ಮೂಲಕ ಕಟ್ಟುವ ವಿಮೆ, ವಕೀಲರ ಖರ್ಚು ಎಲ್ಲವನ್ನೂ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅಂದರೆ ಕನ್ನಡದಲ್ಲೇ ಕೊಡಿ ಎಂದು ನೀವು ಕೇಳಬಹುದು. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ. ಆದರೆ ಇದು ನೀವು ಕೊಡುವ ಹಣದ ಪಟ್ಟಿ. ಬ್ಯಾಂಕು ಏಜೆಂಟರಿಗೆ ಕೊಡುವುದರ ಪಟ್ಟಿಯಲ್ಲ. ಅದನ್ನು ಏಜೆಂಟರನ್ನೇ ಕೇಳಬೇಕು.

ದಲ್ಲಾಳಿಯ ಹಳೆಯ ಬಂಡವಾಳ ತಿಳಿವಳಿಕೆ ಎಂದೆವು. ಅದೂ ಈಗ ಪೂರ್ತಿ ಅವರ ಕೈಯಲ್ಲಿಲ್ಲ. ಭೂಮಿ ತಂತ್ರಾಂಶದಲ್ಲಿ ಪಹಣಿ ಸಿಗುತ್ತದೆ, ಕಾವೇರಿಯಲ್ಲಿ ಇಸಿ ಸಿಗುತ್ತದೆ, ಗ್ರಾಮ ಪಂಚಾಯಿತಿ ಆಸ್ತಿಗೆ ಇ-ಸ್ವತ್ತು ಇದೆ. ನೆರೆಯ ನಲವತ್ತು ಮನೆತನಗಳ ಎದುರು ಸಾರಬೇಕಿದ್ದ ವಿಷಯದಲ್ಲಿ ಎಷ್ಟೋ ಭಾಗ ಇವತ್ತು ನಿಮ್ಮ ಫೋನಿನಲ್ಲಿದೆ. ಬ್ಯಾಂಕುಗಳ ಬಡ್ಡಿ ದರವೂ ಅವುಗಳ ವೆಬ್‌ಸೈಟಿನಲ್ಲಿ ಇದೆ.

ಮನೆ ದಲ್ಲಾಳಿಯ ಜೊತೆ ಚೌಕಾಸಿ ಮಾಡಿ, ತಪ್ಪಿಲ್ಲ. ಎಷ್ಟು ಪರ್ಸೆಂಟ್, ಯಾವಾಗ ಕೊಡುವುದು ಎಂದು ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಆಮೇಲೆ ಅಷ್ಟೇ ಹೊತ್ತನ್ನು ಸಾಲದ ಕಾಗದಕ್ಕೂ ಕೊಡಿ. ಕನಿಷ್ಠ ಮೂರು ಬ್ಯಾಂಕಿನ ಶಾಖೆಗೆ ನೀವೇ ಹೋಗಿ ಬಡ್ಡಿ ಕೇಳಿ ಬನ್ನಿ. ಅರವತ್ತು ಸಾವಿರದಲ್ಲಿ ಹತ್ತು ಸಾವಿರ ಉಳಿಸಲು ಮೂರು ವಾರ ಕಾಯುವವರು, ಒಂದು ಲಕ್ಷ 84 ಸಾವಿರ ಉಳಿಸಲು ಮೂರು ದಿನ ಓಡಾಡಬಹುದು.