ಉಕ್ಕಡಂ ಪೆರಿಯಕುಳಂ

ತಮಿಳುನಾಡಿನ ಕೊಯಮತ್ತೂರು ನಗರದ ದಕ್ಷಿಣ ಭಾಗದಲ್ಲಿ, ಉಕ್ಕಡಂ ಬಸ್ ನಿಲ್ದಾಣದ ಸಮೀಪವಿರುವ ದೊಡ್ಡ ಕೆರೆ. ವಿಸ್ತೀರ್ಣ ಸುಮಾರು 320 ಎಕರೆ. ನೊಯ್ಯಲ್ ನದಿಯಿಂದ ತೆಗೆದ ಕಾಲುವೆಗಳು ಹಾಗೂ ಮೇಲ್ಭಾಗದ ಸೆಲ್ವಚಿಂತಾಮಣಿ ಕೆರೆಯ ಕೋಡಿನೀರು ಇದನ್ನು ತುಂಬುತ್ತವೆ. ಹೆಚ್ಚುವರಿ ನೀರು ವಾಲಾಂಕುಳಂ ಕೆರೆಗೆ ಹರಿಯುತ್ತದೆ. ಒಂದು ಕೆರೆ ತುಂಬಿ ಮುಂದಿನದಕ್ಕೆ ನೀರು ಇಳಿಯುವ ಈ ಸರಣಿ ವ್ಯವಸ್ಥೆ ಕೊಂಗುನಾಡಿನ ಹಳೆಯ ನೀರಾವರಿಯ ಮುಖ್ಯ ಲಕ್ಷಣ. 2010ರಲ್ಲಿ ನಗರಪಾಲಿಕೆಯು ಕೆರೆಯನ್ನು ಲೋಕೋಪಯೋಗಿ ಇಲಾಖೆಯಿಂದ 90 ವರ್ಷಗಳ ಗುತ್ತಿಗೆಗೆ ಪಡೆಯಿತು. 2013ರಲ್ಲಿ ಸ್ವಯಂಸೇವಕರ ನೆರವಿನಿಂದ ಹೂಳೆತ್ತಲಾಯಿತು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದಂಡೆಗೆ ನಡಿಗೆ ಹಾದಿ, ಉದ್ಯಾನಗಳು ಬಂದವು. ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳು ಇಲ್ಲಿ ಕಾಣುತ್ತವೆ; ಅಂತರತಾವರೆಯ ಹಾವಳಿ, ಚರಂಡಿ ನೀರಿನ ಸೇರ್ಪಡೆ ಮಾತ್ರ ಹಳೆಯ ಪಿಡುಗು.

ಸಮೀಪದ ಕೋಟೈಮೇಡು ಬಡಾವಣೆಯ ಹೆಸರಿನಲ್ಲಷ್ಟೇ ಉಳಿದಿರುವ ಕೊಯಮತ್ತೂರು ಕೋಟೆ ಕರ್ನಾಟಕದ ಚರಿತ್ರೆಗೂ ಸೇರಿದ್ದು. ಮೈಸೂರು ಅರಸರ, ಬಳಿಕ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ವಶದಲ್ಲಿದ್ದ ಅದನ್ನು ಮೂರನೆಯ ಮೈಸೂರು ಯುದ್ಧದಲ್ಲಿ, 1790ರಲ್ಲಿ, ಬ್ರಿಟಿಷರು ಹಿಡಿದರು. 1791ರಲ್ಲಿ ಟಿಪ್ಪುವಿನ ಸೇನೆ ಮರಳಿ ಗೆದ್ದಿತು. 1799ರಲ್ಲಿ ಪ್ರದೇಶವು ಕಂಪನಿ ಆಡಳಿತಕ್ಕೆ ಸೇರಿತು. ಕೋಟೆ ಪ್ರದೇಶದಲ್ಲಿ ಸಂಗಮೇಶ್ವರ ದೇವಾಲಯವಿದೆ. ನೊಯ್ಯಲ್ ದಂಡೆಯ ಪೇರೂರು ಪಟ್ಟೀಶ್ವರ ದೇವಾಲಯ ಇಲ್ಲಿಂದ ಪಶ್ಚಿಮಕ್ಕಿದೆ.